ತೊಲೆ ಮೊದಲು, ರವೆ ಆಮೇಲೆ: ಆತ್ಮಪರೀಕ್ಷೆಯ ಕ್ರಮ ಮತ್ತು ತೀರ್ಪಿನ ಗಡಿ

ಮೊಂಬತ್ತಿ

ಎಲ್ಲರಿಗೂ ವಂದನೆ. ಎರಡು ಪ್ರಶ್ನೆ ಒಟ್ಟಿಗೇ ಕೇಳುತ್ತಿದ್ದೇನೆ, ಎರಡಕ್ಕೂ ನಂಟಿದೆ ಅನ್ನಿಸುತ್ತದೆ.

ಒಂದು: ರಾತ್ರಿ ಆತ್ಮಪರೀಕ್ಷೆಗೆ ಕೂತರೆ ಪಟ್ಟಿ ಎರಡೇ ನಿಮಿಷಕ್ಕೆ ಮುಗಿಯುತ್ತದೆ. ಸಿಟ್ಟು, ಸೋಮಾರಿತನ, ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲಲಿಲ್ಲ. ದಿನಾ ಇದೇ ಮೂರು. ಮೂರನೇ ನಿಮಿಷಕ್ಕೆ ಮನಸ್ಸು ‘ಅವರು ಹಾಗೆ ಅನ್ನದಿದ್ದರೆ ಸಿಟ್ಟು ಯಾಕೆ ಬರುತ್ತಿತ್ತು’ ಅಂತ ಅವರ ಲೆಕ್ಕ ತೆಗೆಯುತ್ತದೆ. ಇದಕ್ಕೊಂದು ಸರಿಯಾದ ಕ್ರಮ ಇದೆಯೇ?

ಎರಡು: ಮತ್ತಾಯ 7:1 ‘ತೀರ್ಪು ಮಾಡಬೇಡಿರಿ’ ಅನ್ನುತ್ತದೆ. ಅದೇ ಮತ್ತಾಯನ 18:15, ತಪ್ಪು ಮಾಡಿದ ಸಹೋದರನ ಬಳಿ ಹೋಗಿ ಅವನ ತಪ್ಪನ್ನು ತಿಳಿಸು ಅನ್ನುತ್ತದೆ. ತಪ್ಪು ಅಂತ ತೀರ್ಮಾನಿಸದೆ ತಪ್ಪನ್ನು ತಿಳಿಸುವುದು ಹೇಗೆ?

ಹಳೇಬಲೆ

ಮೊದಲನೆಯದಕ್ಕೆ ಉತ್ತರ ಕೊಡುತ್ತೇನೆ. ಎರಡನೆಯದನ್ನು ಗ್ರೀಕ್ ಬಲ್ಲವರು ನೋಡಿಕೊಳ್ಳಲಿ.

ಕಥೋಲಿಕರಲ್ಲಿ ಹೆಚ್ಚು ಬಳಕೆಯಲ್ಲಿರುವ ಕ್ರಮ ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸ್ (1491–1556) ಅವರದು. ಐದು ಹೆಜ್ಜೆ: ಆ ದಿನ ಸಿಕ್ಕ ಒಳ್ಳೆಯದಕ್ಕೆ ದೇವರಿಗೆ ಕೃತಜ್ಞತೆ, ಪಾಪವನ್ನು ಕಾಣುವ ಮತ್ತು ಬಿಡುವ ವರವನ್ನು ಬೇಡುವುದು, ಎದ್ದ ಹೊತ್ತಿನಿಂದ ಈ ಕ್ಷಣದವರೆಗೆ ಗಂಟೆ ಗಂಟೆಯಾಗಿ ಲೆಕ್ಕ ಒಪ್ಪಿಸುವುದು, ಮೊದಲು ಯೋಚನೆ, ಆಮೇಲೆ ಮಾತು, ಆಮೇಲೆ ಕೃತ್ಯ, ಕ್ಷಮೆ ಕೇಳುವುದು, ತಿದ್ದಿಕೊಳ್ಳುವ ನಿರ್ಧಾರ. ಕೊನೆಗೆ ಪರಲೋಕ ಪ್ರಾರ್ಥನೆ. ಹತ್ತರಿಂದ ಹದಿನೈದು ನಿಮಿಷ ಸಾಕು.

ಹೆಚ್ಚಿನವರು ಮೊದಲ ಎರಡನ್ನು ಹಾರಿಸಿ ನೇರ ಮೂರಕ್ಕೆ ಬರುತ್ತಾರೆ. ಕೆಡುವುದೇ ಅಲ್ಲಿ. ಕೃತಜ್ಞತೆ ಇಲ್ಲದೆ ಶುರುಮಾಡಿದರೆ ಎದುರಿಗೆ ತಂದೆ ಇರುವುದಿಲ್ಲ, ಬರೀ ಲೆಕ್ಕಪುಸ್ತಕ ಇರುತ್ತದೆ. ಲೆಕ್ಕಪುಸ್ತಕದ ಮುಂದೆ ಯಾರಾದರೂ ಸಮಜಾಯಿಷಿಯನ್ನೇ ಕೊಡುತ್ತಾರೆ. ಎರಡನೇ ಹೆಜ್ಜೆ ಕೀರ್ತನೆ 139ರ ಕೊನೆಯ ಎರಡು ವಚನಗಳ ಪ್ರಾರ್ಥನೆಯೇ. ಅಲ್ಲಿ ‘ನಾನು ನನ್ನನ್ನು ಶೋಧಿಸುತ್ತೇನೆ’ ಅಂತಿಲ್ಲ. ದೇವರೇ, ನನ್ನನ್ನು ಶೋಧಿಸು ಅಂತ ಇದೆ. ಟಾರ್ಚ್ ನಮ್ಮ ಕೈಯಲ್ಲಿದ್ದರೆ ನಮಗೆ ಬೇಕಾದ ಮೂಲೆಗೆ ಮಾತ್ರ ಬೆಳಕು ಬೀಳುತ್ತದೆ.

‘ಸಿಟ್ಟು’ ಅಂತ ಬರೆಯಬೇಡಿ. ಅದು ಕಪಾಟಿನ ಮೇಲಿನ ಚೀಟಿ ಅಷ್ಟೇ, ಒಳಗಿನ ಸಾಮಾನಲ್ಲ. ಕ್ರಿಯಾಪದ, ವ್ಯಕ್ತಿ, ಹೊತ್ತು ಮೂರೂ ಇರಬೇಕು: ‘ಬೆಳಿಗ್ಗೆ ಎಂಟಕ್ಕೆ ತಂಗಿ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬಾಗಿಲು ಹಾಕಿಕೊಂಡೆ.’ ಇಷ್ಟು ಬಂದರೆ ನಾಳೆ ಏನು ಮಾಡಬೇಕು ಅನ್ನುವುದು ತಾನಾಗಿ ಕಾಣುತ್ತದೆ. ಬರೀ ‘ಸಿಟ್ಟು’ ಅಂತಿದ್ದರೆ ನಾಳೆಯ ನಿರ್ಧಾರ ‘ಸಿಟ್ಟು ಮಾಡಿಕೊಳ್ಳಬಾರದು’ ಅಂತಾಗುತ್ತದೆ, ಅದು ಮಧ್ಯಾಹ್ನದವರೆಗೂ ಬಾಳುವುದಿಲ್ಲ.

ಮನಸ್ಸು ಅವರ ಲೆಕ್ಕಕ್ಕೆ ಹೊರಳುತ್ತದೆ ಅಂದಿರಲ್ಲ, ಅದಕ್ಕೊಂದು ಸುಲಭ ಪರೀಕ್ಷೆ: ನೀವು ಬರೆದ ವಾಕ್ಯದಲ್ಲಿ ‘ಯಾಕೆಂದರೆ ಅವರು’ ಅಂತ ಬಂದ ತಕ್ಷಣ ಪೂರ್ಣವಿರಾಮ ಹಾಕಿ. ಅದರ ಮುಂದಿನದು ಅವರ ಆತ್ಮಪರೀಕ್ಷೆ, ನಿಮ್ಮದಲ್ಲ.

ಎಣ್ಣೆಕುಡಿಕೆ

ಹಳೇಬಲೆಯವರು ಹೇಳಿದ್ದಕ್ಕೆ ಒಂದು ಸೇರಿಸಬೇಕು. ಗಂಟೆಗಳ ಲೆಕ್ಕದಲ್ಲಿ ಮಾಡಿದ್ದು ಸಿಗುತ್ತದೆ, ಮಾಡದೆ ಬಿಟ್ಟದ್ದು ತಪ್ಪಿಸಿಕೊಳ್ಳುತ್ತದೆ. ಯಾಕೋಬ 4:17 ಇದನ್ನೇ ಹಿಡಿಯುತ್ತದೆ: ಒಳ್ಳೆಯದನ್ನು ಮಾಡಬೇಕೆಂದು ತಿಳಿದೂ ಮಾಡದಿದ್ದರೆ ಪಾಪ.

ಅದಕ್ಕೆ ಸಭಾಸುಧಾರಕ ಮಾರ್ಟಿನ್ ಲೂಥರ್ ಅವರ ಚಿಕ್ಕ ಕ್ಯಾಟಕಿಸಂನ (ವಿಶ್ವಾಸದ ಬೋಧನೆಯ ಕೈಪಿಡಿ) ದಾರಿ ಒಳ್ಳೆಯದು. ಹತ್ತು ಆಜ್ಞೆಗಳ ಬೆಳಕಿನಲ್ಲಿ ನಿನ್ನ ಸ್ಥಾನವನ್ನು ನೋಡಿಕೋ ಅನ್ನುತ್ತಾರೆ: ನೀನು ತಂದೆಯೋ, ತಾಯಿಯೋ, ಮಗನೋ, ಮಗಳೋ, ಯಜಮಾನನೋ, ಆಳೋ? ಆ ಸ್ಥಾನದಲ್ಲಿ ಅವಿಧೇಯತೆ, ಅಪ್ರಾಮಾಣಿಕತೆ, ಸೋಮಾರಿತನ ಇತ್ತೇ? ಯಾರಿಗಾದರೂ ಮಾತಿನಿಂದ, ಕೆಲಸದಿಂದ ನೋವಾಯಿತೇ? ಏನಾದರೂ ಹಾಳಾಗಲು ಬಿಟ್ಟೆಯಾ?

ಮಾಡುವ ರೀತಿ ಹೀಗೆ. ನಿಮ್ಮ ಸ್ಥಾನಗಳನ್ನು ಒಮ್ಮೆ ಬರೆದಿಡಿ: ಮಗ, ಗಂಡ, ಅಪ್ಪ, ನೌಕರ, ನೆರೆಯವ, ಸಭೆಯ ಸದಸ್ಯ. ಐದಾರು ಆಗುತ್ತವೆ. ದಿನಕ್ಕೊಂದು ಸ್ಥಾನ ತೆಗೆದುಕೊಂಡರೆ ವಾರಕ್ಕೆ ಒಂದು ಸುತ್ತು. ಪ್ರತಿ ಸ್ಥಾನಕ್ಕೂ ಎರಡೇ ಪ್ರಶ್ನೆ: ಇವತ್ತು ಇವರಿಗೆ ನಾನು ಏನು ಕೊಡಬೇಕಿತ್ತು? ಕೊಟ್ಟೆನೇ? ‘ದಿನಾ ಇದೇ ಮೂರು’ ಅನ್ನುವ ದೂರು ಒಂದು ವಾರದಲ್ಲಿ ನಿಲ್ಲುತ್ತದೆ.

ಹಳೇಬಲೆ

ಹೌದು, ಅದು ಬೇಕು. ಇನ್ನೊಂದು ಉಪಕರಣವನ್ನೂ ಹೇಳಿಬಿಡುತ್ತೇನೆ. ಇಗ್ನೇಷಿಯಸ್ ಅವರಲ್ಲಿ ಎರಡು ಬಗೆಯ ಪರೀಕ್ಷೆ ಇದೆ. ಮೇಲೆ ಹೇಳಿದ್ದು ಸಾಮಾನ್ಯ ಪರೀಕ್ಷೆ. ಇನ್ನೊಂದು ವಿಶೇಷ ಪರೀಕ್ಷೆ, ಒಂದೇ ಒಂದು ದೋಷದ ಮೇಲೆ. ಬೇರೆಯವರ ಬಗ್ಗೆ ತೀರ್ಪು ಕೊಡುವ ಚಟಕ್ಕೆ ಇದರಷ್ಟು ಹೊಂದುವ ಮದ್ದು ಬೇರೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ದಿನಕ್ಕೆ ಮೂರು ಹೊತ್ತು. ಎದ್ದ ತಕ್ಷಣ ಆ ದೋಷದ ವಿರುದ್ಧ ನಿರ್ಧಾರ. ಮಧ್ಯಾಹ್ನ ಊಟದ ನಂತರ ಒಂದು ಲೆಕ್ಕ, ರಾತ್ರಿ ಊಟದ ನಂತರ ಇನ್ನೊಂದು. ಕಾಗದದ ಮೇಲೆ ದಿನಕ್ಕೆ ಎರಡು ಗೆರೆ, ವಾರಕ್ಕೆ ಹದಿನಾಲ್ಕು. ಎಷ್ಟು ಸಲ ಬಿದ್ದಿರೋ ಅಷ್ಟು ಚುಕ್ಕಿ. ಬೆಳಗಿನ ಗೆರೆಗೆ ಸಂಜೆಯ ಗೆರೆ, ನಿನ್ನೆಗೆ ಇವತ್ತು, ಹೋದ ವಾರಕ್ಕೆ ಈ ವಾರ ಹೋಲಿಸಿ ನೋಡುವುದು. ಬಿದ್ದ ಕ್ಷಣದಲ್ಲೇ ಎದೆಯ ಮೇಲೆ ಕೈಯಿಟ್ಟು ದುಃಖಪಡಬೇಕು. ನಾಲ್ಕು ಜನರ ನಡುವೆಯೂ ಇದನ್ನು ಯಾರಿಗೂ ಗೊತ್ತಾಗದಂತೆ ಮಾಡಬಹುದು.

ಮೊದಲ ವಾರ ಚುಕ್ಕಿ ಜಾಸ್ತಿಯಾಗುತ್ತವೆ. ಗಾಬರಿ ಬೇಡ, ಪಾಪ ಹೆಚ್ಚಾಗಿಲ್ಲ, ಕಣ್ಣು ಚುರುಕಾಗಿದೆ. ತಪ್ಪುವುದು ಎಲ್ಲಿ ಅಂದರೆ ಒಟ್ಟಿಗೆ ಮೂರು ದೋಷ ಹಿಡಿಯುವುದರಲ್ಲಿ. ಆಗ ಯಾವ ಚುಕ್ಕಿ ಯಾವುದಕ್ಕೆ ಅಂತಲೇ ಮರೆತುಹೋಗುತ್ತದೆ.

ಅಕ್ಷರಶಃ

ಎರಡನೇ ಪ್ರಶ್ನೆಗೆ ಬರೋಣ. ಮತ್ತಾಯ 7:1ರ ಗ್ರೀಕ್ ಕ್ರಿಯಾಪದ ಕ್ರಿನೋ. ಬೇರ್ಪಡಿಸು, ನಿರ್ಣಯಿಸು, ವಿಚಾರಣೆ ಮಾಡು, ಶಿಕ್ಷೆಗೆ ಗುರಿಮಾಡು, ಇಷ್ಟೂ ಅರ್ಥ ಅದಕ್ಕಿದೆ. ಅದರಿಂದ ಹುಟ್ಟಿದ ಕತಕ್ರಿನೋ ಎಂದರೆ ಅಪರಾಧಿಯೆಂದು ತೀರ್ಪಿಡು, ದಿಯಾಕ್ರಿನೋ ಎಂದರೆ ವಿವೇಚಿಸು. ಇಲ್ಲಿ ಯಾವ ಅರ್ಥ ಅನ್ನುವುದನ್ನು ಸಂದರ್ಭವೇ ಹೇಳುತ್ತದೆ. ಲೂಕ 6:37ರಲ್ಲಿ ‘ತೀರ್ಪು ಮಾಡಬೇಡಿ’ ಅನ್ನುವುದರ ಪಕ್ಕದಲ್ಲೇ ‘ಅಪರಾಧಿಯೆಂದು ನಿರ್ಣಯಿಸಬೇಡಿ’ ಅಂತ ಬರುತ್ತದೆ. ಅದಕ್ಕೆ ಮೊದಲಿನ 36ನೇ ವಚನ, ನಿಮ್ಮ ತಂದೆಯಂತೆ ನೀವೂ ಕರುಣೆಯುಳ್ಳವರಾಗಿರಿ. ಅಂದರೆ ಲೂಕನಲ್ಲಿ ‘ತೀರ್ಪು ಬೇಡ’ ಅನ್ನುವುದು ಕರುಣೆಯ ಮೊದಲ ವಿವರಣೆ. ಮುಂದೆ ಕ್ಷಮಿಸಿ, ಕೊಡಿ ಅಂತ ಮುಂದುವರಿಯುತ್ತದೆ.

ವಿವೇಚನೆಯನ್ನೇ ಬಿಡಿ ಅಂತ ಯೇಸು ಹೇಳಿಲ್ಲ ಅನ್ನುವುದಕ್ಕೆ ಐದು ವಚನ ದಾಟಿದರೆ ಸಾಕು. 7:6ರಲ್ಲಿ ಪವಿತ್ರವಾದದ್ದನ್ನು ನಾಯಿಗಳಿಗೆ ಹಾಕಬೇಡಿ, ಮುತ್ತುಗಳನ್ನು ಹಂದಿಗಳ ಮುಂದೆ ಚೆಲ್ಲಬೇಡಿ ಅನ್ನುತ್ತಾರೆ. ವಿವೇಚಿಸದೆ ಅದನ್ನು ಪಾಲಿಸಲಾಗದು. ಯೋಹಾನ 7:24ರಲ್ಲಿ ತೋರಿಕೆ ನೋಡಿ ತೀರ್ಪು ಮಾಡದೆ ನ್ಯಾಯವಾದ ತೀರ್ಪು ಮಾಡಿ ಅಂತ ಆಜ್ಞೆಯೇ ಇದೆ.

7:3ರ ತೊಲೆ ಮತ್ತು ರವೆ ನೋಡಿ: ತನ್ನ ಕಣ್ಣಿನ ತೊಲೆಯನ್ನು ಗಮನಿಸದೆ ಸಹೋದರನ ಕಣ್ಣಿನ ರವೆಯನ್ನು ನೋಡುವುದೇಕೆ ಅಂತ ಯೇಸು ಕೇಳುತ್ತಾರೆ. ದೊಕೊಸ್ ಅಂದರೆ ಮನೆಯ ಮಾಡು ಹೊರುವ ತೊಲೆ. ಕಾರ್ಫೊಸ್ ಅಂದರೆ ಒಣ ಕಡ್ಡಿಯ ಚೂರು, ಹೊಟ್ಟಿನ ಎಳೆ. ಎರಡೂ ಒಣಗಿದ ಗಿಡಮರದ್ದೇ. ಇದರಲ್ಲಿ ಸೂಚನೆಯಿದೆ ಅಂತ ಓದುವವರಿದ್ದಾರೆ: ತನ್ನಲ್ಲಿ ದೊಡ್ಡದಾಗಿ ಇರುವುದನ್ನೇ ಇನ್ನೊಬ್ಬನಲ್ಲಿ ಚಿಕ್ಕದಾಗಿ ಕಂಡು ಮನುಷ್ಯ ಕೆರಳುತ್ತಾನೆ. ರೋಮ 2:1 ಅದನ್ನು ಬಾಯಿಬಿಟ್ಟೇ ಹೇಳುತ್ತದೆ, ತೀರ್ಪು ಮಾಡುವ ನೀನು ಅವುಗಳನ್ನೇ ಮಾಡುತ್ತೀಯಲ್ಲ ಅಂತ.

ಆದರೆ 7:5ರ ಕೊನೆಯನ್ನು ಯಾರೂ ಓದುವುದಿಲ್ಲ. ತೊಲೆ ತೆಗೆದ ಮೇಲೆ ಸಹೋದರನ ಕಣ್ಣಿನ ರವೆಯನ್ನು ತೆಗೆಯಲು ನಿನಗೆ ಚೆನ್ನಾಗಿ ಕಾಣಿಸುವುದು! ರವೆ ಅಲ್ಲೇ ಇರಲಿ ಅಂತ ಯೇಸು ಹೇಳಲಿಲ್ಲ. ಕಣ್ಣಿನಲ್ಲಿ ರವೆ ಇದ್ದರೆ ಉರಿಯುತ್ತದೆ, ತೆಗೆಯುವುದೇ ಕರುಣೆ. ಕಣ್ಣಿಗೆ ಕೈಹಾಕುವವನ ಕೈ ಮೃದುವಾಗಿರಬೇಕು, ಅವನಿಗೆ ಕಣ್ಣು ಕಾಣಬೇಕು, ಇವನು ಅಲುಗಾಡದೆ ಕೂರುವಷ್ಟು ಅವನನ್ನು ನಂಬಿರಬೇಕು.

ಮೊಂಬತ್ತಿ

ಅಕ್ಷರಶಃ ಅವರೇ, ಅರ್ಥವಾಯಿತು. ಆದರೆ ಬಳಕೆಯಲ್ಲಿ ಗಡಿ ಎಲ್ಲಿ ಹಾಕುವುದು? ‘ಇದು ವಿವೇಚನೆ, ತೀರ್ಪಲ್ಲ’ ಅಂತ ಹೇಳಿಕೊಂಡೇ ಎಲ್ಲರೂ ತೀರ್ಪು ಕೊಡುತ್ತಾರಲ್ಲ.

ದ್ರಾಕ್ಷಿತೋಟ

ಆ ಗಡಿಯನ್ನು ಬಹಳ ಚೊಕ್ಕವಾಗಿ ಎಳೆದವರು ಆರನೇ ಶತಮಾನದ ಗಾಜಾದ ದೊರೊಥೆಯಸ್ ಎಂಬ ಮಠಾಧಿಪತಿ. ‘ಅವನು ಸುಳ್ಳು ಹೇಳಿದ’ ಅಂತ ಊರೆಲ್ಲ ಹೇಳಿಕೊಂಡು ಬರುವುದು ದೂಷಣೆ. ‘ಅವನು ಸುಳ್ಳುಗಾರ’ ಅನ್ನುವುದು ತೀರ್ಪು. ಮೊದಲನೆಯದು ಒಂದು ಕೃತ್ಯದ ಬಗ್ಗೆ, ಎರಡನೆಯದು ಇಡೀ ಬಾಳಿನ ಬಗ್ಗೆ. ಮೂರನೆಯದು ಇನ್ನೂ ಕೆಟ್ಟದ್ದು, ತಿರಸ್ಕಾರ: ಅವನ ಮುಖ ನೋಡಲೂ ಅಸಹ್ಯಪಡುವುದು.

ಕನ್ನಡದಲ್ಲಿ ಇದನ್ನು ಹಿಡಿಯಲು ಸುಲಭದ ಗುರುತಿದೆ. ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೋ, ‘ಗಾರ, ಕೋರ, ಬುರುಕ’ದಲ್ಲಿ ಮುಗಿಯುತ್ತದೋ ನೋಡಿಕೊಳ್ಳಿ. ‘ಕುಡಿದು ಬಂದ’ ಬೇರೆ, ‘ಕುಡುಕ’ ಬೇರೆ. ‘ಹಣ ವಾಪಸು ಕೊಟ್ಟಿಲ್ಲ’ ಬೇರೆ, ‘ಮೋಸಗಾರ’ ಬೇರೆ. ‘ಯಾವಾಗಲೂ’, ‘ಎಂದಿಗೂ’, ‘ಅವರ ಮನೆತನವೇ ಹಾಗೆ’ ಬಂದರಂತೂ ಗಡಿ ದಾಟಿ ಬಹಳ ದೂರ ಹೋಗಿದ್ದೀರಿ.

ಹದಿಮೂರನೇ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಇನ್ನೊಂದು ಕಡೆಯಿಂದ ಬರುತ್ತಾರೆ. ತೀರ್ಪು ಸರಿಯಾಗಬೇಕಾದರೆ ಮೂರು ಬೇಕು: ನ್ಯಾಯದ ಒಲವಿನಿಂದ ಹುಟ್ಟಿರಬೇಕು, ಅಧಿಕಾರ ಇರುವವನಿಂದ ಬರಬೇಕು, ವಿವೇಕದ ಖಚಿತತೆ ಇರಬೇಕು. ಮೊದಲನೆಯದು ಇಲ್ಲದಿದ್ದರೆ ಅನ್ಯಾಯ, ಎರಡನೆಯದು ಇಲ್ಲದಿದ್ದರೆ ಅತಿಕ್ರಮಣ, ಮೂರನೆಯದು ಇಲ್ಲದಿದ್ದರೆ ಬರೀ ಸಂಶಯ. ನಾವು ದಿನಾ ಕೊಡುವ ತೀರ್ಪುಗಳಲ್ಲಿ ಮುಕ್ಕಾಲು ಪಾಲು ಎರಡನೆಯದರಲ್ಲೇ ಬಿದ್ದುಹೋಗುತ್ತವೆ, ನಮ್ಮನ್ನು ಯಾರೂ ನ್ಯಾಯಾಧೀಶರನ್ನಾಗಿ ನೇಮಿಸಿಲ್ಲ. ಯಾಕೋಬ 4:12ರ ಪ್ರಶ್ನೆಯೂ ಅದೇ, ನೆರೆಯವನಿಗೆ ತೀರ್ಪು ಮಾಡುವುದಕ್ಕೆ ನೀನು ಎಷ್ಟರವನು?

ಸಂಶಯ ಹುಟ್ಟುವ ಮೂರು ಮೂಲಗಳನ್ನೂ ಅಕ್ವಿನಾಸ್ ಹೇಳುತ್ತಾರೆ: ತಾನೇ ಕೆಟ್ಟವನಾಗಿದ್ದು ಎಲ್ಲರೂ ತನ್ನಂತೆ ಅಂದುಕೊಳ್ಳುವುದು, ಆ ವ್ಯಕ್ತಿಯ ಮೇಲೆ ದ್ವೇಷ, ಅಸೂಯೆ ಇರುವುದು, ದೀರ್ಘ ಅನುಭವ, ಅದಕ್ಕೇ ವಯಸ್ಸಾದವರಿಗೆ ಸಂಶಯ ಜಾಸ್ತಿಯಂತೆ. ಯಾರ ಬಗ್ಗೆಯಾದರೂ ಮನಸ್ಸು ಕೆಟ್ಟದ್ದನ್ನು ಊಹಿಸಿದರೆ ಈ ಮೂರರಲ್ಲಿ ಯಾವುದು ಅಂತ ಕೇಳಿಕೊಳ್ಳಿ. ‘ಅನುಭವ’ ಅಂತ ಉತ್ತರ ಬಂದರೆ ಇನ್ನೊಮ್ಮೆ ಕೇಳಿಕೊಳ್ಳಿ, ಎರಡನೆಯದು ಮೂರನೆಯದರ ಅಂಗಿ ಹಾಕಿಕೊಂಡು ಓಡಾಡುತ್ತದೆ.

ಖಚಿತವಿಲ್ಲದಾಗ ಏನು ಮಾಡುವುದು ಅಂದರೆ ಒಳ್ಳೆಯ ಅರ್ಥದ ಕಡೆಗೇ ವಾಲಬೇಕು ಅಂತ ಅವರ ಉತ್ತರ. ಕೆಟ್ಟವನೊಬ್ಬನನ್ನು ಒಳ್ಳೆಯವನೆಂದು ಭಾವಿಸಿ ಹಲವು ಸಲ ಮೋಸಹೋದರೂ ಆದೀತು, ಒಳ್ಳೆಯವನೊಬ್ಬನನ್ನು ಕೆಟ್ಟವನೆಂದು ಭಾವಿಸಿ ಅಪರೂಪಕ್ಕೆ ಒಮ್ಮೆ ತಪ್ಪುವುದು ಅದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದರಿಂದ ಆ ಮನುಷ್ಯನಿಗೆ ಅನ್ಯಾಯವಾಗುತ್ತದೆ.

ಎಣ್ಣೆಕುಡಿಕೆ

ಲೂಥರ್ 1529ರಲ್ಲಿ ಸುಳ್ಳುಸಾಕ್ಷಿಯ ಆಜ್ಞೆಗೆ ಕೊಟ್ಟ ವಿವರಣೆಯೂ ಇದೇ ಧಾಟಿ: ನೆರೆಯವನ ಪರವಾಗಿ ಮಾತಾಡು, ಅವನ ಬಗ್ಗೆ ಒಳ್ಳೆಯದನ್ನು ಹೇಳು, ಎಲ್ಲದಕ್ಕೂ ಒಳ್ಳೆಯ ಅರ್ಥವನ್ನೇ ಹಚ್ಚು. (ಲೂಥರನ್ ಮತ್ತು ಕಥೋಲಿಕರ ಎಣಿಕೆಯಲ್ಲಿ ಇದು ಎಂಟನೆಯ ಆಜ್ಞೆ, ಉಳಿದ ಬಹುತೇಕ ಸಭೆಗಳಲ್ಲಿ ಒಂಬತ್ತನೆಯದು. ಅದಕ್ಕೆ ಜಗಳ ಬೇಡ.) ದೊಡ್ಡ ಕ್ಯಾಟಕಿಸಂನಲ್ಲಿ ಅವರು ಇನ್ನೊಂದು ಮಾತು ಸೇರಿಸುತ್ತಾರೆ: ಪಾಪವನ್ನು ತಿಳಿದಿರುವುದೇ ಬೇರೆ, ಅದಕ್ಕೆ ತೀರ್ಪು ಕೊಡುವುದೇ ಬೇರೆ.

ಕಹಿಸೊಪ್ಪು

ಕ್ಷಮಿಸಿ, ಎಲ್ಲರೂ ಒಂದೇ ರಾಗ ಹಾಡುತ್ತಿದ್ದೀರಿ. ‘ಒಳ್ಳೆಯ ಅರ್ಥ ಹಚ್ಚು’, ‘ಮೊದಲು ನಿನ್ನ ತೊಲೆ ನೋಡಿಕೋ’ ಅನ್ನುವ ಮಾತುಗಳೇ ಸಭೆಗಳಲ್ಲಿ ಹಣ ನುಂಗಿದವರಿಗೆ, ಮಕ್ಕಳ ಮೇಲೆ ಕೈಮಾಡಿದವರಿಗೆ ಗುರಾಣಿಯಾಗುತ್ತವೆ. ದೂರು ಕೊಟ್ಟವರಿಗೇ ‘ನೀನು ಕ್ಷಮಿಸಿಲ್ಲ’ ಅಂತ ಬೋಧನೆ ಮಾಡುತ್ತಾರೆ. ಇದಕ್ಕೆ ನಿಮ್ಮ ದೊರೊಥೆಯಸ್ ಏನನ್ನುತ್ತಾರೆ?

ದ್ರಾಕ್ಷಿತೋಟ

ನಿಮ್ಮ ಸಿಟ್ಟು ನ್ಯಾಯವಾದದ್ದು. ನಾನು ಹೇಳಿದ್ದನ್ನು ಹಾಗೆ ಬಳಸಿದರೆ ಅದು ದುರುಪಯೋಗ. ಅಕ್ವಿನಾಸ್ ‘ಒಳ್ಳೆಯ ಅರ್ಥ’ ಅಂದದ್ದು ಸಂಶಯವಿರುವಲ್ಲಿ. ಸಾಕ್ಷ್ಯವಿರುವಲ್ಲಿ ಅಲ್ಲ.

ಉಪ್ಪಿನಹರಳು

ಕಹಿಸೊಪ್ಪು ಎತ್ತಿದ್ದು ಈ ಇಡೀ ಚರ್ಚೆಯಲ್ಲೇ ಮುಖ್ಯವಾದ ಪ್ರಶ್ನೆ. ಬಿಡಿಸಿ ಹೇಳುತ್ತೇನೆ.

ಮತ್ತಾಯ 18:15–17ರಲ್ಲಿ ಮೆಟ್ಟಿಲುಗಳಿವೆ: ಮೊದಲು ಅವನೂ ನೀನೂ ಇಬ್ಬರೇ, ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಂದಿಗೆ, ಆಗಲೂ ಕೇಳದಿದ್ದರೆ ಸಭೆಗೆ. ಇದು ಸಹೋದರರ ನಡುವಿನ ತಪ್ಪಿಗೆ ಇರುವ ಕ್ರಮ. ಮಗುವಿನ ಮೇಲಿನ ದೌರ್ಜನ್ಯ, ಹೊಡೆತ, ಜೀವಭಯದಂಥ ಅಪರಾಧಗಳಿಗೆ ಮೊದಲ ಮೆಟ್ಟಿಲು ಹಚ್ಚಬಾರದು. ಯಾಕೆಂದರೆ ಇಬ್ಬರೇ ಕೂತರೆ ಬಲ ಇರುವವನ ಕೈ ಮೇಲಾಗುತ್ತದೆ, ಬಲಿಯಾದವರ ಬಾಯಿ ಮುಚ್ಚಿಸಲು ಸಮಯ ಸಿಗುತ್ತದೆ, ಸಾಕ್ಷ್ಯ ಅಳಿಸಿಹೋಗುತ್ತದೆ. ಅಲ್ಲಿ ನೇರ ಪೊಲೀಸರ ಬಳಿ ಹೋಗಬೇಕು, ರೋಮ 13 ಅಧಿಕಾರಿಗಳ ಬಗ್ಗೆ ಹೇಳುವುದು ಅದಕ್ಕೇ ಅನ್ವಯಿಸುತ್ತದೆ. ಮಗುವನ್ನು ಕಾಪಾಡುವುದು ಕರುಣೆ. ಅಪರಾಧಿಗೆ ಇನ್ನೊಂದು ಅವಕಾಶ ಸಿಗದಂತೆ ಮಾಡುವುದು ಅವನಿಗೂ ಕರುಣೆಯೇ.

ಇನ್ನು ‘ಕ್ಷಮಿಸಿಲ್ಲ’ ಅನ್ನುವ ಬೋಧನೆ. ಇಲ್ಲಿ ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಚೀಲಕ್ಕೆ ತುರುಕುತ್ತಾರೆ. ಕ್ಷಮೆ ಎಂದರೆ ಸೇಡನ್ನು ದೇವರಿಗೆ ಬಿಡುವುದು. ಅದು ಒಬ್ಬರಿಂದಲೇ ಆಗುತ್ತದೆ. ಸಂಧಾನಕ್ಕೆ ಇಬ್ಬರೂ ಬೇಕು, ತಪ್ಪು ಮಾಡಿದವನ ಪಶ್ಚಾತ್ತಾಪ ಬೇಕು, ಲೂಕ 17:3 ಗದರಿಸು ಅಂತಲೂ ಹೇಳಿ ಪಶ್ಚಾತ್ತಾಪಪಟ್ಟರೆ ಕ್ಷಮಿಸು ಅನ್ನುತ್ತದೆ. ನಂಬಿಕೆ ಮೂರನೆಯದು, ಅದು ವರ್ಷಗಟ್ಟಲೆ ಹಿಡಿಯಬಹುದು, ಮರಳದೆಯೂ ಇರಬಹುದು. ಖಜಾಂಚಿಯನ್ನು ಕ್ಷಮಿಸಿ, ಪೆಟ್ಟಿಗೆಯ ಕೀಲಿಕೈ ಮಾತ್ರ ಮತ್ತೆ ಕೊಡಬೇಡಿ. ಲೂಕ 19ರ ಸುಂಕದವನಾದ ಜಕ್ಕಾಯ ‘ಕ್ಷಮಿಸಿ’ ಅಂದು ಸುಮ್ಮನಾಗಲಿಲ್ಲ, ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದ.

ಅಪರಾಧವಲ್ಲದ ದಿನನಿತ್ಯದ ತಪ್ಪುಗಳಿಗೆ ಈಗ ಬರುತ್ತೇನೆ. ತಿದ್ದುವುದು ಸಭೆಯ ಹಳೆಯ ಪಟ್ಟಿಯಲ್ಲಿರುವ ಏಳು ಆತ್ಮಿಕ ಕರುಣಾಕಾರ್ಯಗಳಲ್ಲಿ ಒಂದು. ಆದರೆ ಮಾಡುವ ರೀತಿಯಲ್ಲೇ ಕೆಡುತ್ತದೆ.

ಹೋಗುವ ಮೊದಲು: ನೀವೇ ಕಂಡದ್ದೋ, ಯಾರೋ ಹೇಳಿದ್ದೋ? ಯಾರೋ ಹೇಳಿದ್ದಾದರೆ ನೀವು ಹೋಗಬೇಡಿ, ಕಂಡವರನ್ನೇ ಕಳಿಸಿ. ಅವರಿಗಾಗಿ ಹೆಸರು ಹಿಡಿದು ಕೆಲವು ದಿನ ಪ್ರಾರ್ಥಿಸಿದ್ದೀರಾ? ಪ್ರಾರ್ಥಿಸಿದ ಮೇಲೂ ಹೋಗಲು ಉತ್ಸಾಹ ಉಕ್ಕುತ್ತಿದ್ದರೆ ಇನ್ನೊಂದು ದಿನ ತಡೆಯಿರಿ. ಸ್ವಲ್ಪ ಹಿಂಜರಿಕೆ ಇರುವವರೇ ಚೆನ್ನಾಗಿ ತಿದ್ದುತ್ತಾರೆ.

ಹೋದಾಗ: ಮುಖಾಮುಖಿ. ಮೊಬೈಲ್ ಸಂದೇಶದಲ್ಲಿ ಬೇಡ, ಅದರಲ್ಲಿ ದನಿ ಇರುವುದಿಲ್ಲ, ಅದನ್ನು ಹತ್ತು ಜನಕ್ಕೆ ಕಳಿಸಬಹುದು. ಒಂದು ಸಲಕ್ಕೆ ಒಂದೇ ತಪ್ಪು. ಹಳೆಯ ಕಡತ ಬಿಚ್ಚಬೇಡಿ. ಮೊದಲ ಮಾತು ಪ್ರಶ್ನೆಯಾಗಿರಲಿ: ‘ಅವತ್ತು ಹಾಗೆ ಹೇಳಿದಿರಲ್ಲ, ನನಗೆ ಸರಿಯಾಗಿ ಅರ್ಥವಾಗಲಿಲ್ಲ, ಏನಾಗಿತ್ತು?’ ಅರ್ಧದಷ್ಟು ಸಲ ಇಲ್ಲೇ ಮುಗಿಯುತ್ತದೆ, ನಮಗೆ ಗೊತ್ತಿಲ್ಲದ ಸಂಗತಿ ಹೊರಗೆ ಬರುತ್ತದೆ.

ಬಂದ ಮೇಲೆ: ಯಾರಿಗೂ ಹೇಳಬೇಡಿ. ‘ಹೋಗಿ ಮಾತಾಡಿ ಬಂದೆ’ ಅಂತಲೂ ಬೇಡ.

ಹಳೇಬಲೆ

ಉಪ್ಪಿನಹರಳು ಅವರ ‘ಮೊದಲು ಪ್ರಶ್ನೆ’ ಅನ್ನುವುದು ಇಗ್ನೇಷಿಯಸ್ ಅವರಲ್ಲಿ ಮೆಟ್ಟಿಲಾಗಿಯೇ ಇದೆ. ನೆರೆಯವನ ಮಾತನ್ನು ಖಂಡಿಸುವುದಕ್ಕಿಂತ ಉಳಿಸಿಕೊಳ್ಳಲು ಮುಂದಾಗು. ಆಗದಿದ್ದರೆ ಯಾವ ಅರ್ಥದಲ್ಲಿ ಹೇಳಿದೆ ಅಂತ ಕೇಳು. ಅರ್ಥವೇ ತಪ್ಪಾಗಿದ್ದರೆ ಪ್ರೀತಿಯಿಂದ ತಿದ್ದು. ಕ್ರಮ ತಿರುಗುಮುರುಗಾದರೆ ಮೊದಲು ತಿದ್ದಿ ಆಮೇಲೆ ಕೇಳುತ್ತೇವೆ, ಅಷ್ಟರಲ್ಲಿ ಎದುರಿನವರು ಬಾಯಿ ಮುಚ್ಚಿಕೊಂಡಿರುತ್ತಾರೆ.

ಗಲಾತ್ಯ 6:1ರಲ್ಲಿ ತಪ್ಪಿನಲ್ಲಿ ಸಿಕ್ಕಿಬಿದ್ದವನನ್ನು ಸಾತ್ವಿಕ ಮನಸ್ಸಿನಿಂದ ಸರಿಪಡಿಸಿ ಅನ್ನುವ ಕಡೆ ಬರುವ ಕ್ರಿಯಾಪದವೇ ಮಾರ್ಕ 1:19ರಲ್ಲಿ ಬಲೆಗಳನ್ನು ಸರಿಮಾಡುವುದಕ್ಕೂ ಬಂದಿದೆ. ಹರಿದ ಬಲೆಯನ್ನು ಯಾರೂ ಬೈಯುವುದಿಲ್ಲ, ಮಡಿಲಲ್ಲಿ ಹರಡಿಕೊಂಡು ಕಣ್ಣಿ ಕಣ್ಣಿ ಹೆಣೆಯುತ್ತಾರೆ. ಅದೇ ವಚನದ ಕೊನೆಗೆ ‘ನೀನೂ ಶೋಧನೆಗೆ ಒಳಗಾಗದಂತೆ ನಿನ್ನನ್ನು ನೋಡಿಕೋ’ ಅಂತ ಇದೆ.

ನಿಧಾನವಾಗಿ

ಪ್ರಾರ್ಥನಾ ಗುಂಪುಗಳ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ‘ಆ ಸಿಸ್ಟರ್‌ಗಾಗಿ ಪ್ರಾರ್ಥಿಸಿ, ಅವರ ಮನೆಯಲ್ಲಿ ಹೀಗೀಗೆ ಆಗಿದೆಯಂತೆ’ ಅನ್ನುವುದು ಚಾಡಿಯೋ ಪ್ರಾರ್ಥನೆಯೋ?

ಉಪ್ಪಿನಹರಳು

ಬಹುತೇಕ ಚಾಡಿ ಕಣ್ರೀ. ಎದುರಿಗಿಲ್ಲದವರ ಕೆಡುಕನ್ನು ಹೇಳುವುದೇ ದೂಷಣೆ, ಅದು ನಿಜವೇ ಆಗಿದ್ದರೂ ಸರಿ ಅನ್ನುತ್ತಾರೆ ಮೆಥೋಡಿಸ್ಟ್ ಬೋಧಕ ಜಾನ್ ವೆಸ್ಲಿ. ದೇವರಿಗೆ ವಿವರ ಬೇಕಿಲ್ಲ. ‘ಒಬ್ಬರ ಮನೆಯ ತೊಂದರೆಗಾಗಿ’ ಅಂದರೆ ಸಾಕು. ಹೆಸರು ಹೇಳಲೇಬೇಕಾದರೆ ಅವರ ಒಪ್ಪಿಗೆ ಕೇಳಿ.

1992ರ ಕಥೋಲಿಕ ಕ್ಯಾಟಕಿಸಂ 2477ನೇ ಸಂಖ್ಯೆಯಲ್ಲಿ ಮೂರನ್ನು ಬೇರೆ ಮಾಡುತ್ತದೆ. ಸಾಕಷ್ಟು ಆಧಾರವಿಲ್ಲದೆ ನೆರೆಯವನ ತಪ್ಪನ್ನು ನಿಜವೆಂದು ಒಪ್ಪಿಕೊಳ್ಳುವುದು, ಅದು ಮನಸ್ಸಿನಲ್ಲೇ ಇದ್ದರೂ, ಆತುರದ ತೀರ್ಪು. ಸರಿಯಾದ ಕಾರಣವಿಲ್ಲದೆ ಇನ್ನೊಬ್ಬರ ನಿಜವಾದ ದೋಷವನ್ನು ಗೊತ್ತಿಲ್ಲದವರಿಗೆ ಹೇಳುವುದು ಪರದೂಷಣೆ. ಸುಳ್ಳು ಹೇಳಿ ಹೆಸರು ಕೆಡಿಸುವುದು ಅಪವಾದ.

ಸುಳ್ಳೇ ದೊಡ್ಡ ಪಾಪ, ನಿಜ ಹೇಳಿದರೆ ಏನು ಅನ್ನುತ್ತಾರೆ. ಪರಿಹಾರದ ಲೆಕ್ಕ ಬೇರೆ ಇದೆ. ಸುಳ್ಳನ್ನು ‘ನಾನು ಹೇಳಿದ್ದು ಸುಳ್ಳು’ ಅಂತ ಹಿಂತೆಗೆದುಕೊಳ್ಳಬಹುದು. ನಿಜವನ್ನು ಹಿಂತೆಗೆದುಕೊಳ್ಳುವುದು ಹೇಗೆ? ಆಗ ಉಳಿಯುವ ದಾರಿ, ಕೇಳಿದ ಅದೇ ಜನರ ಬಳಿ ಹೋಗಿ ‘ಅದನ್ನು ನಾನು ಹೇಳಬಾರದಿತ್ತು’ ಅಂತ ಒಪ್ಪಿ, ಆ ವ್ಯಕ್ತಿಯ ನಿಜವಾದ ಒಳ್ಳೆಯತನವನ್ನು ಹೇಳುವುದು. ಎಷ್ಟು ಜನರಿಗೆ ಹೇಳಿದ್ದಿರೋ ಅಷ್ಟು ಮನೆ ಹತ್ತಬೇಕು.

ಅಕ್ಷರಶಃ

ಕರುಣೆ ಅಂದರೆ ಸಾಲ ಇಲ್ಲವೇ ಇಲ್ಲ ಅಂದಂತೆ ಅನ್ನುವ ತಪ್ಪು ತಿಳುವಳಿಕೆಗೆ ಮತ್ತಾಯ 18ರ ಸಾಮ್ಯದ ಅಂಕಿಗಳೇ ಉತ್ತರ. ಅದರಲ್ಲಿ ರಾಜ ಒಬ್ಬ ಸೇವಕನ ಸಾಲ ಮನ್ನಾ ಮಾಡುತ್ತಾನೆ, ಆ ಸೇವಕ ಹೊರಗೆ ಬಂದು ತನಗೆ ಸಾಲ ಕೊಡಬೇಕಾದ ಜೊತೆಸೇವಕನ ಕುತ್ತಿಗೆ ಹಿಡಿಯುತ್ತಾನೆ. ಮೊದಲ ಸೇವಕನ ಸಾಲ 10,000 ತಲಾಂತು. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಒಂದು ದಿನಾರಿ ಕೂಲಿಯವನ ಒಂದು ದಿನದ ಸಂಬಳ (ಮತ್ತಾಯ 20:2). ಅಂದರೆ 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ 2 ಲಕ್ಷ ವರ್ಷ. ಎರಡನೆಯವನ ಸಾಲ 100 ದಿನಾರಿ. ಆರು ಲಕ್ಷ ಪಟ್ಟು ವ್ಯತ್ಯಾಸ.

ಉಪದೇಶಗಳಲ್ಲಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ 100 ದಿನಾರಿಯನ್ನೂ ಎಣಿಸಿ ನೋಡಿ, ಸುಮಾರು ನಾಲ್ಕು ತಿಂಗಳ ದುಡಿಮೆ. ಬಡವನಿಗೆ ಅದು ಸಣ್ಣ ಮೊತ್ತವಲ್ಲ. ಯೇಸು ಬೇಕೆಂದಿದ್ದರೆ ಒಂದು ದಿನಾರಿ ಅನ್ನಬಹುದಿತ್ತು. ನಮಗಾದ ನೋವು ನಿಜವಾದದ್ದೇ, ನಾಲ್ಕು ತಿಂಗಳ ತೂಕದ್ದು. ಎರಡನೆಯವನು ನಿಜವಾದ ಸಾಲಗಾರನೇ, ಆದರೆ ಅವನ ಕುತ್ತಿಗೆ ಹಿಡಿದದ್ದು ಮೊದಲನೆಯವನ ಕೈ. ಆ ಕೈ ಹಿಂದಿನ ಗಳಿಗೆಯಲ್ಲಷ್ಟೇ ಎರಡು ಲಕ್ಷ ವರ್ಷದ ಸಾಲದಿಂದ ಬಿಡುಗಡೆಯಾಗಿತ್ತು.

ಕಹಿಸೊಪ್ಪು

ಇದನ್ನು ಒಪ್ಪುತ್ತೇನೆ. ‘ನಾಲ್ಕು ತಿಂಗಳ ತೂಕದ್ದು’ ಅಂತ ಯಾರಾದರೂ ಮೊದಲು ಹೇಳಿದ್ದರೆ ಇಷ್ಟು ಜಗಳವೇ ಇರುತ್ತಿರಲಿಲ್ಲ.

ಇನ್ನೊಂದು ಪ್ರಶ್ನೆ. ಇನ್ನೊಬ್ಬನ ಹೆಂಡತಿಯನ್ನು ತೆಗೆದುಕೊಂಡ ರಾಜ ದಾವೀದನ ಬಳಿ ಪ್ರವಾದಿ ನಾತಾನ ಹೋದದ್ದು ತಿದ್ದುವಿಕೆಯಲ್ಲವೇ? ಅಲ್ಲಿ ಮೃದುತ್ವ ಎಲ್ಲಿದೆ?

ಅಕ್ಷರಶಃ

2 ಸಮುವೇಲ 12ನ್ನು ನಿಧಾನವಾಗಿ ಓದಿ. ನಾತಾನ ಶುರುಮಾಡಿದ್ದು ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕಥೆಯಿಂದ. ದಾವೀದ ಕೆರಳಿ, ಅಂಥವನು ಸಾಯಲೇಬೇಕು, ಕುರಿಗೆ ನಾಲ್ಕರಷ್ಟು ಕೊಡಬೇಕು ಅಂದ. ನಾಲ್ಕರಷ್ಟು ಧರ್ಮಶಾಸ್ತ್ರದಲ್ಲಿದೆ (ವಿಮೋಚನಕಾಂಡ 22:1). ಕುರಿ ಕದ್ದವನಿಗೆ ಮರಣ ಅಲ್ಲಿಲ್ಲ. ಆ ಹೆಚ್ಚುವರಿ ಬಿಸಿ ಎಲ್ಲಿಂದ ಬಂತು ಅನ್ನುವುದು ‘ಆ ಮನುಷ್ಯನು ನೀನೇ’ ಅಂದಾಗ ಗೊತ್ತಾಗುತ್ತದೆ. ಇನ್ನೊಬ್ಬರ ತಪ್ಪಿಗೆ ನಮ್ಮ ಮನಸ್ಸು ಶಾಸ್ತ್ರಕ್ಕಿಂತ ಹೆಚ್ಚು ಶಿಕ್ಷೆ ಬೇಡಿದರೆ, ಆ ರಾತ್ರಿಯ ಪರೀಕ್ಷೆ ಎಲ್ಲಿಂದ ಶುರುವಾಗಬೇಕು ಅನ್ನುವುದಕ್ಕೆ ಸುಳಿವು ಸಿಕ್ಕಿದಂತೆ. ಎಲ್ಲಾ ಸಿಟ್ಟೂ ಹಾಗಲ್ಲ, ಕೆಲವು ಬರೀ ನ್ಯಾಯದ ಸಿಟ್ಟು. ಅಳತೆ ಮೀರಿದ್ದನ್ನು ಮಾತ್ರ ಹೇಳುತ್ತಿದ್ದೇನೆ.

ನಿಧಾನವಾಗಿ

ಇಷ್ಟೆಲ್ಲ ಪರೀಕ್ಷೆ ಮಾಡಿಕೊಂಡರೆ ಕೆಲವರಿಗೆ ಹುಚ್ಚೇ ಹಿಡಿಯುತ್ತದೆ. ಕರ್ತನ ಭೋಜನಕ್ಕೆ ಕೈಚಾಚಲೂ ಹೆದರಿ ತಿಂಗಳುಗಟ್ಟಲೆ ದೂರ ಕೂರುವವರಿದ್ದಾರೆ. ಅವರಿಗೆ ಏನು ಹೇಳುತ್ತೀರಿ?

ಹಳೇಬಲೆ

ಒಳ್ಳೆಯ ಎಚ್ಚರಿಕೆ. ಈ ರೋಗಕ್ಕೆ ಪಾಶ್ಚಾತ್ಯ ಸಭೆಯಲ್ಲಿ ‘ಸ್ಕ್ರೂಪಲ್ಸ್’ ಅಂತ ಹೆಸರು, ಅದರ ಲ್ಯಾಟಿನ್ ಮೂಲದ ಅರ್ಥ ‘ಚೂಪಾದ ಸಣ್ಣ ಕಲ್ಲು’. ಚಪ್ಪಲಿಯೊಳಗೆ ಸೇರಿದ ಹರಳಿನಂತೆ ಹೆಜ್ಜೆಹೆಜ್ಜೆಗೂ ಚುಚ್ಚುತ್ತದೆ. ಇಗ್ನೇಷಿಯಸ್ ಅವರೇ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇದರಿಂದ ನರಳಿದವರು. ಗುರುತುಗಳು: ಒಪ್ಪಿಸಿದ ಪಾಪವನ್ನೇ ಮತ್ತೆ ಮತ್ತೆ ಒಪ್ಪಿಸುವುದು, ‘ಸರಿಯಾಗಿ ಹೇಳಿದೆನೋ ಇಲ್ಲವೋ’ ಅಂತ ಶಂಕಿಸುವುದು, ಹದಿನೈದು ನಿಮಿಷದ ಪರೀಕ್ಷೆ ಎರಡು ಗಂಟೆಗೆ ಹಿಗ್ಗುವುದು.

ಇಂಥವರಿಗೆ ಮೇಲಿನ ಉಪಕರಣಗಳನ್ನು ಕೊಡಬಾರದು. ಚುಕ್ಕಿ ಲೆಕ್ಕವಂತೂ ಬೇಡವೇ ಬೇಡ. ಸಮಯ ಐದು ನಿಮಿಷ, ಗಡಿಯಾರ ಇಟ್ಟುಕೊಂಡು. ಅದರಲ್ಲಿ ಮೂರು ನಿಮಿಷ ಕೃತಜ್ಞತೆ. ಒಬ್ಬರೇ ಗುರುಗಳು ಅಥವಾ ಸಭಾಪಾಲಕರು, ಅವರು ‘ಮುಗಿಯಿತು’ ಅಂದರೆ ಮುಗಿಯಿತು. ಇನ್ನೊಬ್ಬರ ಬಳಿ ಹೋಗಿ ಮತ್ತೆ ಕೇಳುವಂತಿಲ್ಲ. ನಿದ್ದೆ, ಊಟ, ಕೆಲಸ ಕೆಡುವಷ್ಟಾದರೆ ವೈದ್ಯರನ್ನು ಕಾಣಬೇಕು. ಅದು ವಿಶ್ವಾಸದ ಕೊರತೆಯಲ್ಲ, ಗೀಳಿನ ಕಾಯಿಲೆ ಹೀಗೂ ಬರುತ್ತದೆ.

ಎಣ್ಣೆಕುಡಿಕೆ

ಕರ್ತನ ಭೋಜನದ ಮಾತಿಗೆ: 1 ಕೊರಿಂಥ 11:27 ‘ಅಯೋಗ್ಯನು’ ಅನ್ನುವುದಿಲ್ಲ, ‘ಅಯೋಗ್ಯವಾಗಿ’ ಅನ್ನುತ್ತದೆ. ಅದು ಕ್ರಿಯಾವಿಶೇಷಣ, ತಿನ್ನುವ ರೀತಿಯ ಬಗ್ಗೆ. ಆ ರೀತಿ ಯಾವುದು ಅಂತ 21, 22ನೇ ವಚನಗಳಲ್ಲಿದೆ: ಉಳ್ಳವರು ಮೊದಲೇ ತಿಂದು ಮುಗಿಸುತ್ತಾರೆ, ಇಲ್ಲದವರು ಹಸಿದು ನಾಚಿಕೆಪಡುತ್ತಾರೆ. 28ನೇ ವಚನ ತನ್ನನ್ನು ಪರೀಕ್ಷಿಸಿಕೊಂಡು ಆಮೇಲೆ ತಿನ್ನಲಿ ಅನ್ನುತ್ತದೆ, ಪರೀಕ್ಷಿಸಿಕೊಂಡು ದೂರ ಕೂರಲಿ ಅನ್ನುವುದಿಲ್ಲ. ಪೌಲ ಕೊಡುವ ಪರಿಹಾರವೂ (33) ಬಹಳ ಸಾದಾ: ಒಬ್ಬರಿಗಾಗಿ ಒಬ್ಬರು ಕಾದುಕೊಂಡಿರಿ. ಆ ಪಂಕ್ತಿಯಲ್ಲಿ ನಾನು ಯಾರನ್ನು ಬಿಟ್ಟು ಉಂಡೆ ಅನ್ನುವುದೇ ಅಲ್ಲಿಯ ಆತ್ಮಪರೀಕ್ಷೆ.

ದ್ರಾಕ್ಷಿತೋಟ

ನಾಲ್ಕನೇ ಶತಮಾನದ ಈಜಿಪ್ಟಿನ ಮರುಭೂಮಿಯ ಸನ್ಯಾಸಿ ಅಬ್ಬಾ (ಅಂದರೆ ತಂದೆ) ಮೋಸೆಯವರ ಪ್ರಸಂಗ ಬಹುಪಾಲು ಜನಕ್ಕೆ ಗೊತ್ತಿದೆ. ತಪ್ಪು ಮಾಡಿದ ಸನ್ಯಾಸಿಯ ವಿಚಾರಣೆಗೆ ಕರೆದಾಗ ಸೋರುವ ಕೊಡ ಹೊತ್ತು ಬಂದರು, ನನ್ನ ಪಾಪ ನನ್ನ ಹಿಂದೆ ಸೋರುತ್ತಿದೆ, ನನಗೆ ಕಾಣುತ್ತಿಲ್ಲ, ಇನ್ನೊಬ್ಬನಿಗೆ ತೀರ್ಪು ಕೊಡಲು ಬಂದಿದ್ದೇನೆ ಅಂದರು. ಅಷ್ಟು ಪ್ರಸಿದ್ಧವಲ್ಲದ್ದು ಅಬ್ಬಾ ಬೆಸ್ಸಾರಿಯನ್ ಅವರದು. ಪಾಪ ಮಾಡಿದವನೊಬ್ಬನನ್ನು ಗುರುಗಳು ಗುಡಿಯಿಂದ ಹೊರಗೆ ಕಳಿಸಿದಾಗ ಬೆಸ್ಸಾರಿಯನ್ ಎದ್ದು ಅವನ ಜೊತೆಗೇ ಹೊರಗೆ ಹೋದರು, ‘ನಾನೂ ಪಾಪಿಯೇ’ ಅಂತ.

ಮೊಂಬತ್ತಿ

ಎಲ್ಲರಿಗೂ ಧನ್ಯವಾದ. ಒಂದು ಸಣ್ಣ ಪ್ರಶ್ನೆ ಉಳಿದಿದೆ. ಇದನ್ನೆಲ್ಲ ಪುಸ್ತಕದಲ್ಲಿ ಬರೆದರೆ ಬೇರೆಯವರ ಕೈಗೆ ಸಿಕ್ಕೀತು ಅನ್ನುವ ಭಯ. ಬರೆಯದಿದ್ದರೆ ಮರೆತುಹೋಗುತ್ತದೆ.

ಹಳೇಬಲೆ

ಚುಕ್ಕಿ ಇಡುವುದು ಅದಕ್ಕೇ. ಚುಕ್ಕಿ ಯಾವ ದೋಷದ್ದು ಅಂತ ನಿಮಗೊಬ್ಬರಿಗೇ ಗೊತ್ತು. ವಾಕ್ಯ ಬರೆಯಲೇಬೇಕಾದರೆ ಬಿಡಿ ಹಾಳೆಯಲ್ಲಿ ಬರೆಯಿರಿ, ಪಾಪನಿವೇದನೆ ಆದ ಮೇಲೋ ದೇವರ ಮುಂದೆ ಅರಿಕೆ ಮಾಡಿದ ಮೇಲೋ ಹರಿದುಹಾಕಿ. ಬೇರೆಯವರ ಹೆಸರು ಮಾತ್ರ ಎಲ್ಲೂ ಬರೆಯಬೇಡಿ. ಹಾಳೆ ಯಾರ ಕೈಗಾದರೂ ಸಿಕ್ಕರೆ ಅದರಲ್ಲಿ ನಿಮ್ಮ ತಪ್ಪು ಮಾತ್ರ ಇರಲಿ.